ಕೊಲೆಗಾರ ಯಾವ ಮನೆಯವನು?

ಆರನೇ ಕಂತು ಅಚ್ಚಾದ ವಾರವೇ ಪತ್ರಿಕೆಯ ಪತ್ತೇದಾರಿ ಧಾರಾವಾಹಿ ನಿಂತುಹೋಯಿತು. ದಕ್ಷಿಣ ಕೊಡಗಿನ ಒಂದು ಕುಟುಂಬದವರು ಪತ್ರಿಕೆಗೆ ಫೋನ್ ಮಾಡಿದ್ದರು. ಕಥೆಯಲ್ಲಿ ಬರುವ ಮನೆ ನಮ್ಮದು, ಕಣದ ಪಕ್ಕದ ಹಲಸಿನ ಮರವೂ ನಮ್ಮದು, ಕೊಲೆ ಮಾಡಿದವನು ನಮ್ಮ ಚಿಕ್ಕಪ್ಪನೇ ಅಂತ ಸಂತೆಯಲ್ಲಿ ಜನ ಮಾತಾಡಿಕೊಳ್ತಿದ್ದಾರೆ ಅನ್ನುವುದು ಅವರ ದೂರು. ಪತ್ರಿಕೆಯವರು ತಲೆಬಿಸಿ ಬೇಡ ಅಂತ ಮುಂದಿನ ವಾರ ಆ ಜಾಗಕ್ಕೆ ಅಡುಗೆ ಅಂಕಣ ಹಾಕಿದರು. ಬರೆದವರಿಗೆ ಆ ಮನೆ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿರಲಿಲ್ಲ. ಕಣದ ಪಕ್ಕ ಹಲಸಿನ ಮರ ಇಲ್ಲದ ತೋಟದ ಮನೆ ಕೊಡಗಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ, ಅಲ್ವಾ?

ಈ ಪ್ರಕರಣ ಆ ಬರಹಗಾರರದ್ದು. ನನ್ನದು ಗೋಣಿಕೊಪ್ಪದಲ್ಲಿ ಡಿಟಿಪಿ ಅಂಗಡಿ. ಮದುವೆ ಕಾಗದ, ತಿಥಿ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ಇವೇ ಹೊಟ್ಟೆಪಾಡು. ಅವರ ಕೈಬರಹ ಟೈಪ್ ಮಾಡುವವನೂ ನಾನೇ. ಹಾಗಾಗಿ ಬೇಕಿದ್ದರೂ ಬೇಡದಿದ್ದರೂ ಅವರ ಮೊದಲ ಓದುಗ ನಾನು. ಈ ಬರಹಕ್ಕೆ ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ. ತೋಟದಲ್ಲಿ ಎಲ್ಲರೂ ಅವರನ್ನು ರೈಟರ್ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ. ಕೂಲಿಯವರ ಚೆಕ್‌ರೋಲ್ ಅಂದರೆ ಹಾಜರಿ ಪುಸ್ತಕ ಬರೆಯುವುದು, ಕುಯ್ದ ಹಣ್ಣು ತೂಗುವುದು, ವಾರದ ಬಟವಾಡೆ, ಗೊಬ್ಬರದ ಲೆಕ್ಕ, ಬೆಳಿಗ್ಗೆ ಎದ್ದು ಮಳೆ ಅಳೆಯುವುದು, ಇಷ್ಟೂ ರೈಟರ್ ಕೆಲಸ.

ಅವರು ಹುಟ್ಟಿದ್ದು ಕಣ್ಣೂರು ಜಿಲ್ಲೆಯ ಇರಿಟ್ಟಿ ಕಡೆ. ಹತ್ತೊಂಬತ್ತನೇ ವಯಸ್ಸಿಗೆ ಮಾಕುಟ್ಟದ ಘಾಟಿ ಹತ್ತಿ ವಿರಾಜಪೇಟೆಗೆ ಬಂದರು. ಸೋದರಮಾವ ಸಿದ್ದಾಪುರದ ಆಚೆ ಒಂದು ತೋಟದಲ್ಲಿ ಮೇಸ್ತ್ರಿಯಾಗಿದ್ದರು. ಮೊದಲೆರಡು ವರ್ಷ ಕೂಲಿಯವರ ಸಾಲು ಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿದ್ದು ಗುಂಡಿ ತೆಗೆದರು, ಮರಗಸಿ ಅಂದರೆ ನೆರಳು ಮರದ ಕೊಂಬೆ ಕಡಿಯುವ ಕೆಲಸ ಮಾಡಿದರು. ಹುಡುಗನಿಗೆ ಲೆಕ್ಕ ಬರುತ್ತೆ ಅಂತ ಗೊತ್ತಾದ ಮೇಲೆ ಆಫೀಸಿಗೆ ತಂದು ಕೂರಿಸಿದರು. ಆವತ್ತಿನಿಂದ ಅದೇ ತೋಟ, ಅದೇ ಕುರ್ಚಿ. ಮದುವೆ ಆಯಿತು, ಮಕ್ಕಳು ಇಲ್ಲೇ ಓದಿದರು, ಮಗ ಬೆಂಗಳೂರಿನಲ್ಲಿ ಇದ್ದಾನೆ. ಮಲಯಾಳಂ ಅವನಿಗೆ ಅರ್ಥವಾಗುತ್ತೆ, ಓದಲು ಬರುವುದಿಲ್ಲ.

ಪತ್ತೇದಾರಿಯ ಹುಚ್ಚು ಊರಿನಿಂದಲೇ ಬಂದದ್ದು. ಕೇರಳದ ವಾರಪತ್ರಿಕೆಗಳಲ್ಲಿ ಕೋಟ್ಟಯಂ ಪುಷ್ಪನಾಥ್ ಅವರ ಪತ್ತೇದಾರಿ ಧಾರಾವಾಹಿಗಳಿಗೆ ಜನ ಕಾಯುತ್ತಿದ್ದ ಕಾಲ ಅದು. ಕನ್ನಡದ ಅಕ್ಷರ ಅವರು ಲೈನ್ ಮನೆಯ ಮಕ್ಕಳ ಜೊತೆ ಕೂತು ಕಲಿತರು. ಓದು ಹಿಡಿದದ್ದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದ. ನರಸಿಂಹಯ್ಯನವರನ್ನು ಓದಿ ಕನ್ನಡ ಕಲಿತೆ ಅನ್ನುವವರು ಆ ತಲೆಮಾರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು, ಸೀಮೆಎಣ್ಣೆ ಬುಡ್ಡಿ ಹಚ್ಚಿ ಓದಿದ್ದನ್ನು ಈಗಲೂ ಹೇಳುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ವಾರದ ಮೇಲೆ.

ಕನ್ನಡದಲ್ಲಿ ಬರೆಯೋಕೆ ಹೆದರಿಕೆ ಆಗಲಿಲ್ವಾ ಅಂತ ಕೇಳಿದ್ದೆ. ಇಲ್ಲ ಅಂದರು. ಅದಕ್ಕೆ ಕೊಡಗೇ ಕಾರಣ ಅಂತ ನನಗನ್ನಿಸುತ್ತದೆ. ಹಾಲೇರಿ ಅರಸರ ಕಾಲದಿಂದ ಇಲ್ಲಿ ಕಾಗದ ಪತ್ರ ಕನ್ನಡದಲ್ಲೇ. ಮನೆಯೊಳಗಿನ ಮಾತು ಮಾತ್ರ ಬೇರೆ ಬೇರೆ. ಒಬ್ಬರ ಮನೆಯಲ್ಲಿ ಕೊಡವ ತಕ್ಕ್, ಇನ್ನೊಬ್ಬರಲ್ಲಿ ಅರೆಭಾಷೆ, ಆಚೆ ಮನೆಯಲ್ಲಿ ತುಳು, ಮಲಯಾಳಂ, ಬ್ಯಾರಿ, ಯರವ, ಕುರುಬ, ತಮಿಳು. ಶಾಲೆ, ಕಚೇರಿ, ಪೇಟೆ, ಪೇಪರ್ ಅಂದಾಗ ಎಲ್ಲರೂ ಕನ್ನಡಕ್ಕೆ ಬರುತ್ತಾರೆ. ಮಲಯಾಳಿಯೊಬ್ಬ ಕನ್ನಡದಲ್ಲಿ ಕಾದಂಬರಿ ಬರೆದ ಅಂದರೆ ಬೇರೆ ಜಿಲ್ಲೆಯಲ್ಲಿ ಸನ್ಮಾನ ಮಾಡಿಯಾರು. ಇಲ್ಲಿ 'ಹೌದಾ, ಎಷ್ಟು ಪುಟ?' ಅಂತಾರೆ. ಹಾಗಾಗಿ ಭಾಷೆ ಅವರಿಗೆ ತೊಡಕಾಗಲಿಲ್ಲ. ತೊಡಕಾದದ್ದು ಕೊಲೆಗಾರ.

ಮನೆ ಹೆಸರಿನ ಫಜೀತಿ

ಕೊಡಗಿನಲ್ಲಿ ಹೊಸಬರು ಸಿಕ್ಕಿದರೆ ಮೊದಲ ಪ್ರಶ್ನೆ 'ನಿಮ್ದು ಯಾವ ಮನೆ?' ಕೊಡವರಿಗೂ ಮನೆ ಹೆಸರಿದೆ, ಅರೆಭಾಷೆ ಗೌಡರಿಗೂ ಇದೆ. ಮನೆ ಹೆಸರು ಹೇಳಿದ ತಕ್ಷಣ ಊರು, ನೆಂಟರು, ತೋಟ, ಹಳೆ ಕೋರ್ಟ್ ಕೇಸು ಎಲ್ಲ ಕೇಳುವವರ ತಲೆಗೆ ಬಂದುಬಿಡುತ್ತದೆ. ಅಂಥ ಊರಲ್ಲಿ ಕೊಲೆಗಾರನಿಗೆ ಏನಂತ ಹೆಸರಿಡುವುದು?

ಧಾರಾವಾಹಿ ನಿಲ್ಲುವ ಮುಂಚೆಯೂ ರೈಟರ್ ಎಚ್ಚರ ವಹಿಸಿದ್ದರು. ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವ 1997ರಲ್ಲಿ ಕರಡದಲ್ಲಿ ಶುರುವಾದದ್ದು ಎಲ್ಲರಿಗೂ ಗೊತ್ತು. ಈಗ 300ಕ್ಕೂ ಹೆಚ್ಚು ಕುಟುಂಬಗಳು ತಂಡ ಕಟ್ಟಿಕೊಂಡು ಬರುತ್ತವೆ. ಯಾರ ಮೇಲೆ ಯಾರ ಆಟ ಅನ್ನುವ ಪಟ್ಟಿ ಪೇಪರಿನಲ್ಲಿ ಬರುತ್ತದಲ್ಲ, ಅದನ್ನು ಕತ್ತರಿಸಿ ಹಳೇ ಚೆಕ್‌ರೋಲ್ ಪುಸ್ತಕಕ್ಕೆ ಅಂಟಿಸಿ ಇಟ್ಟುಕೊಂಡಿದ್ದರು. ಕಥೆಗೆ ಒಂದು ಮನೆ ಹೆಸರು ಕಟ್ಟಿದರೆ ಮೊದಲು ಆ ಪಟ್ಟಿಯಲ್ಲಿ ಹುಡುಕುವುದು. ಇದ್ದರೆ ಒಂದು ಅಕ್ಷರ ಬದಲಾಯಿಸುವುದು. ಬದಲಾಯಿಸಿದ್ದು ಇನ್ನೊಂದು ಮನೆಯದಾಗಿರುತ್ತಿತ್ತು! ಆ ಪುಸ್ತಕ ನಾನು ನೋಡಿದ್ದೇನೆ. ಅಂಚಿನಲ್ಲೆಲ್ಲ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ ಹೆಸರುಗಳು. ಯಾವುದೂ ಬಳಕೆಗೆ ಬರಲಿಲ್ಲ. ಕೊನೆಗೆ ಮನೆ ಹೆಸರೇ ಬೇಡ ಅಂತ ಬಿಟ್ಟರು. ಆದರೂ ಹಲಸಿನ ಮರ ಸಿಕ್ಕಿಹಾಕಿಸಿತು.

ಅದು ಬರೀ ಮಾನಾಪಮಾನದ ವಿಷಯ ಆಗಿರಲಿಲ್ಲ. ಅವರು ಇರುವುದು ತೋಟದ ಕ್ವಾರ್ಟರ್ಸ್‌ನಲ್ಲಿ. ಸಾಹುಕಾರ್ರು ಒಳ್ಳೆಯವರೇ. ಆದರೆ ಅವರ ನೆಂಟರಿಗೆ ಬೇಜಾರಾದರೆ ಅದು ಸುತ್ತಿ ಬಳಸಿ ಆಫೀಸಿನ ಮೇಜಿಗೆ ಬಂದೇ ಬರುತ್ತದೆ. ಊರಿನವನು ಬರೆದರೆ ಜಗಳ ಆಗುತ್ತೆ, ಮುಂದಿನ ಸುಗ್ಗಿ ಹಬ್ಬ ಹುತ್ತರಿಗೆ ರಾಜಿಯೂ ಆಗುತ್ತೆ. ಹೊರಗಿನವನು ಬರೆದರೆ 'ನಮ್ಮ ಅನ್ನ ತಿಂದು' ಅನ್ನುವ ಮಾತು ಬರುತ್ತದೆ. ಫೋನಿನಲ್ಲಿ ಆ ಮಾತು ಬಂದೂ ಇತ್ತು ಅಂತ ಆಮೇಲೆ ಗೊತ್ತಾಯಿತು.

ಅದಾದ ಮೇಲೆ ಅವರು ಮೂರು ಕಾದಂಬರಿ ಬರೆದರು. ಮೂರನ್ನೂ ನಾನೇ ಟೈಪ್ ಮಾಡಿದೆ. ಮೊದಲನೆಯದರಲ್ಲಿ ಕೊಲೆಗಾರ ಲಾರಿ ಡ್ರೈವರ್, ಎರಡನೆಯದರಲ್ಲಿ ಬೆಂಗಳೂರಿನಿಂದ ಬಂದ ರೆಸಾರ್ಟ್ ಪಾಲುದಾರ, ಮೂರನೆಯದರಲ್ಲಿ ಗೊಬ್ಬರದ ಏಜೆಂಟ್. ಯಾರೂ ಫೋನ್ ಮಾಡಲಿಲ್ಲ. ಯಾರೂ ಜಾಸ್ತಿ ಓದಲೂ ಇಲ್ಲ.

ಪೊನ್ನಂಪೇಟೆ ಕಡೆಯ ನಿವೃತ್ತ ಟೀಚರ್ ಒಬ್ಬರು ತಮ್ಮ ಕುಟುಂಬದ ವಂಶಾವಳಿ ಟೈಪ್ ಮಾಡಿಸಲು ನನ್ನ ಅಂಗಡಿಗೆ ಬರುತ್ತಾರೆ. ಕಾಯುವ ಹೊತ್ತಿಗೆ ಓದಲಿ ಅಂತ ಮೂರನೇ ಪುಸ್ತಕ ಕೊಟ್ಟಿದ್ದೆ. ವಾಪಸ್ ಕೊಡುವಾಗ ರೈಟರ್ ಅಲ್ಲೇ ಕೂತಿದ್ದರು.

'ಇದು ನೀವು ಬರ್ದದ್ದಾ? ಇಪ್ಪತ್ತನೇ ಪುಟದಲ್ಲೇ ಗೊತ್ತಾಯ್ತು ನಂಗೆ, ಗೊಬ್ಬರದವ್ನೇ ಅಂತ.'

'ಹೇಗೆ ಟೀಚರೇ?'

'ಊರಿನವ್ರು ಯಾರೂ ಮಾಡ್ಲಿಕ್ಕಿಲ್ಲ ಅಂತ ನೀವೇ ತೀರ್ಮಾನ ಮಾಡಿದ್ದೀರಲ್ಲ. ಮತ್ತೆ ಉಳಿದವನು ಅವ್ನೊಬ್ಬನೇ.'

ಆಮೇಲೆ ಇನ್ನೊಂದು ಸೇರಿಸಿದರು. ಹುತ್ತರಿ ರಾತ್ರಿ ಕದಿರು ತೆಗೆಯುವಾಗ ಹಾರಿಸುವ ಗುಂಡಿನ ಸದ್ದಿನಲ್ಲಿ ಕೊಲೆಯ ಗುಂಡು ಯಾರಿಗೂ ಕೇಳಲಿಲ್ಲ ಅನ್ನುವುದನ್ನು ಕೊಡಗಿನ ಬಗ್ಗೆ ಬರೆಯುವ ಹೊರಗಿನವರು ಬಿಡುವುದೇ ಇಲ್ಲವಂತೆ. ಮನೆಯಲ್ಲಿ ಕೋವಿ ಇದೆ ಅಂದ ಮಾತ್ರಕ್ಕೆ ನಾವು ದಿನಾ ಒಬ್ಬರನ್ನು ಹೊಡೀತೀವಾ ಅಂತ ಕೇಳಿದರು. ರೈಟರ್ ನಕ್ಕರು. ಅವರ ಮೊದಲನೇ ಕಾದಂಬರಿಯ ಮೂರನೇ ಅಧ್ಯಾಯ ಅದೇ.

ಹೊರಗಿನವನೇ ಕಳ್ಳ

ನನ್ನ ಪ್ರಕಾರ ಈ ಪ್ರಕರಣದ ತಿರುಳು ಟೀಚರ್ ಹೇಳಿದ ಮಾತಿನಲ್ಲೇ ಇದೆ. ಪತ್ತೇದಾರಿ ಕಥೆ ನಿಲ್ಲುವುದು ಯಾರು ಬೇಕಾದರೂ ಮಾಡಿರಬಹುದು ಅನ್ನುವ ಅನುಮಾನದ ಮೇಲೆ. ರೈಟರ್ ಹೆದರಿಕೆಯಿಂದ ಊರಿನವರನ್ನೆಲ್ಲ ಮೊದಲೇ ಖುಲಾಸೆ ಮಾಡಿಬಿಟ್ಟಿದ್ದರು. ಇದರಿಂದ ಕಥೆ ಕೆಟ್ಟಿತು. ಅದಕ್ಕಿಂತ ಜಾಸ್ತಿ ಕೆಟ್ಟದ್ದು ಇನ್ನೊಂದಿದೆ. ತೋಟದಲ್ಲಿ ಎರಡು ಮೂಟೆ ಕರಿಮೆಣಸು ಹೋದರೆ ಮೊದಲು ಯಾರ ಮೇಲೆ ಕಣ್ಣು ಬೀಳುತ್ತೆ? ಈಗ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದ ಕೂಲಿಯವರ ಮೇಲೆ. ಅವರ ಆಧಾರ್ ಪ್ರತಿ ಒಟ್ಟು ಮಾಡಿ ಫೈಲ್ ಮಾಡಿಡುವುದು ಇದೇ ರೈಟರ್ ಕೆಲಸ. ಅವರು ಬಂದ ಕಾಲದಲ್ಲಿ ಆಧಾರ್ ಇರಲಿಲ್ಲ. ಅನುಮಾನ ಇತ್ತು. ಒಮ್ಮೆ ಕಣದಿಂದ ಕಾಫಿ ಹೋದಾಗ ಲೈನ್ ಮನೆಯಲ್ಲಿ ಮೊದಲು ತೆರೆಸಿದ ಪೆಟ್ಟಿಗೆ ಇವರದೇ. ಒಳಗಿದ್ದದ್ದು ಎರಡು ಪಂಚೆ, ಅಮ್ಮನ ಕಾಗದಗಳು, ಮತ್ತೊಂದು ಪತ್ತೇದಾರಿ ಪುಸ್ತಕ. ಅಂಥವರೇ ಈಗ ಮೂರು ಪುಸ್ತಕದಲ್ಲಿ ಹೊರಗಿನವನೇ ಕಳ್ಳ ಅಂತ ಬರೆದಿದ್ದರು. ಟೀಚರ್ ಹೇಳುವವರೆಗೆ ಅದು ಅವರಿಗೂ ಹೊಳೆದಿರಲಿಲ್ಲ, ಟೈಪ್ ಮಾಡಿದ ನನಗೂ ಹೊಳೆದಿರಲಿಲ್ಲ.

ಸುಮ್ನೆ ಹೋಲಿಕೆಗೆ ಹೇಳುವುದಾದರೆ, ಪರಊರಿನಿಂದ ಬಂದು ಪತ್ತೇದಾರಿ ಬರೆದು ಗೆದ್ದವರು ಬೇಕಾದಷ್ಟಿದ್ದಾರೆ. ಜಾರ್ಜ್ ಸಿಮೆನಾನ್ ಬೆಲ್ಜಿಯಂನವರು, 1922ರ ಕೊನೆಗೆ ಪ್ಯಾರಿಸ್ಸಿಗೆ ಬಂದು ಅಲ್ಲಿನ ಪೊಲೀಸ್ ಅಧಿಕಾರಿಯ ಕಥೆ ಬರೆದರು. ರೇಮಂಡ್ ಚಾಂಡ್ಲರ್ ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ. ಮತ್ತೆ ಅಮೆರಿಕಕ್ಕೆ ಹೋಗಿ ಒಂದು ಎಣ್ಣೆ ಕಂಪನಿಯಲ್ಲಿ ಲೆಕ್ಕ ಬರೆಯಲು ಸೇರಿ ದೊಡ್ಡ ಅಧಿಕಾರಿಯಾದರು. 1932ರಲ್ಲಿ ಆ ಕೆಲಸ ಹೋಯಿತು, ಮರುವರ್ಷ ಮೊದಲ ಕಥೆ ಬಂತು. ಈ ಸಂಗತಿ ಹೇಳಿದಾಗ ರೈಟರ್‌ಗೆ ಬಹಳ ಖುಷಿಯಾಯಿತು, ಲೆಕ್ಕದವನು ಅಂತ. ಆದರೆ ಪ್ಯಾರಿಸ್, ಲಾಸ್ ಏಂಜಲೀಸ್ ದೊಡ್ಡ ಊರು. ಅಲ್ಲಿ ಕೊಲೆಗಾರ ಯಾವ ಮನೆಯವನು ಅಂತ ಕೇಳುವವರಿಲ್ಲ. ಇಂಗ್ಲೆಂಡಿನ ಎಚ್.ಆರ್.ಎಫ್. ಕೀಟಿಂಗ್ ಅವರಂತೂ ಭಾರತಕ್ಕೆ ಕಾಲಿಡುವ ಮೊದಲೇ ಮುಂಬೈ ಪೊಲೀಸ್ ಇನ್‌ಸ್ಪೆಕ್ಟರ್ ಮೇಲೆ ಕಾದಂಬರಿ ಶುರುಮಾಡಿದ್ದರು. ನೋಡದ ಊರಿನ ಕೊಲೆ ಬರೆಯುವುದು ಸುಲಭ. ನಾಳೆ ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಎದುರಾಗುವವರ ಮಧ್ಯೆ ಬರೆಯುವುದು ಬೇರೆ.

ಸಲಹೆಗಳು ಬರದೆ ಇರಲಿಲ್ಲ. ಕಥೆಯನ್ನು ಕಣ್ಣೂರಿಗೆ ಒಯ್ಯಿರಿ ಅಂದರು ಒಬ್ಬರು. ಎರಡು ಅಧ್ಯಾಯ ಬರೆದು ಹರಿದರು. ಅವರಿಗೆ ಗೊತ್ತಿದ್ದ ಕಣ್ಣೂರಿನಲ್ಲಿ ಈಗ ಒಂದು ಅಂಗಡಿಯೂ ಹಳೇ ಜಾಗದಲ್ಲಿಲ್ಲ. ಇನ್ನೊಬ್ಬರು, 2018ರ ಆಗಸ್ಟಿನಲ್ಲಿ ಗುಡ್ಡ ಕುಸಿಯಿತಲ್ಲ, ಅದರಲ್ಲಿ ಒಂದು ಹೆಣ ಬಚ್ಚಿಟ್ಟ ಕಥೆ ಮಾಡಿ, ಚೆನ್ನಾಗಿ ಓಡುತ್ತೆ ಅಂದರು. ರೈಟರ್ ಅವರಿಗೆ ಚಹಾ ಕುಡಿಸಿ ಕಳಿಸಿದರು. ಅದನ್ನು ಅವರು ಬರೆಯಲಿಲ್ಲ, ಬರೆಯುವುದೂ ಇಲ್ಲ.

ಬಿಳಿ ತೋಟದಲ್ಲಿ ಒಂದು ಹಸಿರು

ನಾಲ್ಕನೇ ಕಾದಂಬರಿ ಶುರುವಾದದ್ದು ಪತ್ತೇದಾರನಿಂದ. ಹಿಂದಿನವುಗಳಲ್ಲಿ ಮಡಿಕೇರಿಯಲ್ಲಿ ಆಫೀಸಿಟ್ಟುಕೊಂಡ ಖಾಸಗಿ ಪತ್ತೇದಾರ ಇದ್ದ, ಕಪ್ಪು ಕೋಟು, ಜೀಪು ಎಲ್ಲ ಇತ್ತು. ಯಾರೂ ನಂಬಲಿಲ್ಲ. ಈ ಸಲ ಬಾಗಲಕೋಟೆ ಕಡೆಯಿಂದ ವರ್ಗವಾಗಿ ಬಂದ ಕರೆಂಟಿನ ಮೀಟರ್ ರೀಡರ್. ತಿಂಗಳಿಗೊಮ್ಮೆ ಎಲ್ಲ ಮನೆಯ ಜಗಲಿ ಹತ್ತುವವನು. ಯಾವ ಮನೆ ಅಂತ ಯಾರಾದರೂ ಕೇಳಿದರೆ 'ನಂದು ಮನೀ ಎಲ್ಲೈತ್ರೀ, ಬಾಡಿಗಿ ರೂಮೈತಿ' ಅನ್ನುತ್ತಾನೆ. ಆ ಭಾಷೆ ಸರಿಮಾಡಲು ಅವರು ಠಾಣೆಯ ಒಬ್ಬ ವಿಜಯಪುರದ ಪೇದೆಯ ಹತ್ತಿರ ಪುಟ ಪುಟ ಓದಿಸಿದರು. ಕೊಡಗಿನ ಸರ್ಕಾರಿ ಕಚೇರಿ, ಶಾಲೆಗಳಲ್ಲಿ ಉತ್ತರ ಕರ್ನಾಟಕದವರು ಎಷ್ಟು ಜನ ಇದ್ದಾರೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಇನ್ನು ಸುಳಿವು. ಕಥೆಯ ಗುಟ್ಟು ಬಿಟ್ಟುಕೊಡಲು ರೈಟರ್ ಒಪ್ಪಿದ್ದಾರೆ. ಸುಳಿವು ಚೆನ್ನಾಗಿದ್ದರೆ ಗೊತ್ತಿದ್ದೂ ಓದುತ್ತಾರೆ ಅನ್ನುವುದು ಅವರ ನಂಬಿಕೆ.

ರೋಬಸ್ಟಾ ಕಾಫಿಗೆ ಫೆಬ್ರವರಿ, ಮಾರ್ಚಿನಲ್ಲಿ ಒಂದು ಒಳ್ಳೆ ಮಳೆ ಬೇಕು. ಇಂಚು, ಒಂದೂವರೆ ಇಂಚು. ಅದೇ ಹೂಮಳೆ. ಮಳೆ ಬಿದ್ದು ಎಂಟು, ಹತ್ತು ದಿನಕ್ಕೆ ಇಡೀ ತೋಟ ಒಂದೇ ಸಲಕ್ಕೆ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ವಾಸನೆ ಮನೆಯೊಳಗೆ ಬರುತ್ತದೆ. ಎರಡು ಮೂರು ದಿನಕ್ಕೆ ಹೂ ಕಂದುತ್ತದೆ. ಮಳೆ ಬರದಿದ್ದರೆ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್. ದೊಡ್ಡ ಜೆಟ್ ಒಂದು ಜಾಗದಲ್ಲಿ ಮೂರು ನಾಲ್ಕು ಗಂಟೆ ಸುತ್ತುತ್ತದೆ, ಆಮೇಲೆ ಪೈಪ್ ಕಳಚಿ ಮುಂದಿನ ಜಾಗಕ್ಕೆ. ಹಗಲೂ ರಾತ್ರಿ ಈ ಕೆಲಸ.

ಕಥೆಯಲ್ಲಿ ಕಾವಲಿನ ಮುದುಕ ಬೆಳಿಗ್ಗೆ ಕೆರೆಯಲ್ಲಿ ಹೆಣವಾಗಿ ಸಿಗುತ್ತಾನೆ. ಕಾಲು ಜಾರಿ ಬಿದ್ದ ಅಂತ ಪೊಲೀಸರು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ ಬರೆದುಕೊಳ್ಳುತ್ತಾರೆ. ಮಹಜರಿಗೆ ಪಂಚರಾಗಿ ಸಹಿ ಹಾಕುವವರಲ್ಲಿ ತೋಟದ ರೈಟರ್ ಕೂಡ ಒಬ್ಬ. ಗೋಡೌನಿನಿಂದ ಮೆಣಸಿನ ಮೂಟೆ ಕಾಣೆಯಾದದ್ದು ಗೊತ್ತಾಗುವುದು ವಾರದ ಮೇಲೆ. ಆ ರಾತ್ರಿ ಪಂಪ್ ಬೆಳಗಿನವರೆಗೆ ಓಡಿದೆ ಅಂತ ಪಂಪಿನವನು ಹೇಳುತ್ತಾನೆ. ಆಫೀಸಿನ ಡೈರಿಯೂ ಹಾಗೇ ಹೇಳುತ್ತದೆ. ಡೀಸೆಲ್ ಲೆಕ್ಕವೂ ತಾಳೆಯಾಗುತ್ತದೆ. ಪಂಪ್ ಓಡುತ್ತಿದ್ದರೆ ಅವನು ಕೆರೆ ಬಿಟ್ಟು ಹೋಗಿಲ್ಲ, ಅವನು ಅಲ್ಲೇ ಇದ್ದರೆ ಬೇರೆ ಯಾರೂ ಬಂದಿಲ್ಲ.

ಒಂಬತ್ತನೇ ದಿನ ಮೀಟರ್ ರೀಡರ್ ರೀಡಿಂಗ್ ತೆಗೆಯಲು ಗುಡ್ಡದ ಮೇಲಿನ ಮನೆಗೆ ಹೋಗುತ್ತಾನೆ. ಜಗಲಿಯಿಂದ ಕೆಳಗೆ ನೋಡಿದರೆ ತೋಟ ಹಾಲು ಚೆಲ್ಲಿದ ಹಾಗಿದೆ. ಮಧ್ಯದಲ್ಲಿ ಒಂದೇ ಒಂದು ಕಡೆ ದುಂಡಗೆ ಹಸಿರು. ಬಯಲುಸೀಮೆಯವನಿಗೆ ಅದು ಏನಂತ ತಿಳಿಯುವುದಿಲ್ಲ. ಆ ಮನೆಯ ಅಜ್ಜಿಯನ್ನು ಕೇಳುತ್ತಾನೆ. 'ಅಲ್ಲಿಗೆ ನೀರು ಬೀಳ್ಲಿಲ್ಲ ಮಗ. ಜೆಟ್ ತಿರುಗ್ಲಿಲ್ಲ' ಅನ್ನುತ್ತಾಳೆ ಅಜ್ಜಿ, ಮೆಣಸು ಬಿಡಿಸುತ್ತಾ. ಅಲ್ಲಿಗೆ ಮೂರು ಗಂಟೆಯ ಲೆಕ್ಕ ಸಿಕ್ಕಿತು. ಪಂಪಿನವನನ್ನು ಕೇಳಿದರೆ ಆನೆ ಬಂತು, ಓಡಿದೆ ಅನ್ನುತ್ತಾನೆ. ಸಿದ್ದಾಪುರದ ಕಡೆ ಇದಕ್ಕಿಂತ ನಂಬುವಂಥ ನೆಪ ಇನ್ನೊಂದಿಲ್ಲ. ಆದರೆ ಒಂದು ಕೊಂಬೆ ಮುರಿದಿಲ್ಲ, ಒಂದು ಲದ್ದಿ ಬಿದ್ದಿಲ್ಲ.

ಇದನ್ನು ಟೈಪ್ ಮಾಡುವಾಗ ನಾನು ಕೆಲಸ ನಿಲ್ಲಿಸಿ ಅವರಿಗೆ ಫೋನ್ ಮಾಡಿದೆ. ಹೊಳೆದದ್ದು ಹೇಗೆ ಅಂದೆ. ಹೊಳೆಯೋದೇನು, ಪ್ರತಿ ವರ್ಷ ನೋಡ್ತೀನಿ, ಯಾವ ರಾತ್ರಿ ಯಾರು ನಿದ್ದೆ ಮಾಡಿದ್ರು ಅಂತ ಹೂ ಬಿಟ್ಟಾಗ ಗೊತ್ತಾಗುತ್ತೆ ಅಂದರು. ಪತ್ತೇದಾರನೇ ಮೀಟರ್ ರೀಡರ್ ಆಗಿರುವಾಗ ಪಂಪನ್ನು ಕರೆಂಟಿನದೇ ಮಾಡಬಹುದಿತ್ತಲ್ಲ ಅಂತಲೂ ಕೇಳಿದೆ. ಡೀಸೆಲ್ ಅಂತ ಬೇಕಂತಲೇ ಇಟ್ಟಿದ್ದಂತೆ. ಮೀಟರೇ ಉತ್ತರ ಹೇಳಿಬಿಟ್ಟರೆ ಅವನು ಪತ್ತೆ ಮಾಡುವುದೇನು?

ಕಾಲವನ್ನೂ ಅವರು ತೂಗಿ ಇಟ್ಟಿದ್ದಾರೆ. ಕಥೆ ನಡೆಯುವುದು 2024ರ ಮಾರ್ಚ್ ಮೊದಲ ವಾರಗಳಲ್ಲಿ. ಹಿಂದಿನ ವರ್ಷ ರಾಜ್ಯಕ್ಕೇ ಬರ ಬಿದ್ದಿತ್ತು. ಅವರ ತೋಟದ ಮಳೆ ಪುಸ್ತಕದಲ್ಲಿ ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಪಾಲು) ಎರಡೂ ಕಾಲಂಗಳಲ್ಲಿ ಆ ದಿನಗಳ ಎದುರು ಸೊನ್ನೆ ಇದೆ. ನಡುವೆ ಒಂದು ಮಳೆ ಬಂದರೂ ಹಸಿರು ಜಾಗ ಹೂ ಬಿಟ್ಟು ಸುಳಿವು ಹೋಗಿಬಿಡುತ್ತಿತ್ತು. ಇನ್ನೊಂದು ಅನುಕೂಲವೂ ಇದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಕೊಲೆಗೆ 103ನೇ ಸೆಕ್ಷನ್ ಆಯಿತು. ಅದಕ್ಕೂ ಮೊದಲು ನಡೆದ ಅಪರಾಧಕ್ಕೆ ಹಳೇ ದಂಡ ಸಂಹಿತೆಯ 302ನೇ ಸೆಕ್ಷನ್ನೇ. 'ಮುನ್ನೂರ ಎರಡು ಅಂದ್ರೆ ಓದೋನ ಎದೆ ಹೊಡ್ಕೊಳ್ಳುತ್ತೆ, ನೂರ ಮೂರು ಅಂದ್ರೆ ಬಸ್ ನಂಬರ್ ಅನ್ಕೋತಾನೆ' ಅನ್ನುವುದು ಅವರ ವಾದ.

ಟೀಚರ್ ತಕರಾರು

ಹಾಗಾದರೆ ಮಾಡಿದ್ದು ಯಾರು? ಡೈರಿಯಲ್ಲಿ ಪಂಪಿನ ಗಂಟೆ ಬರೆದವನು, ಡೀಸೆಲ್ ಲೆಕ್ಕ ಸರಿಮಾಡಿದವನು, ಮಹಜರಿಗೆ ಸಹಿ ಹಾಕಿದವನು. ತೋಟದ ರೈಟರ್. ಪಂಪಿನವನನ್ನು ಮೂಟೆ ಹೊರಲು ಕರೆದದ್ದು ಅವನೇ. ಕಾಗದದಲ್ಲಿ ಎಲ್ಲ ಸರಿ ಇದೆ, ಗಿಡ ಮಾತ್ರ ಒಪ್ಪುತ್ತಿಲ್ಲ. ಕಥೆಯ ರೈಟರ್ ಊರು ಘಾಟಿಯ ಕೆಳಗೆ, ವಿವರ ಕೊಟ್ಟಿಲ್ಲ.

ನನಗೆ ಇದು ಬಹಳ ಹಿಡಿಸಿತು. ಟೀಚರ್ ಒಪ್ಪಲಿಲ್ಲ.

'ಮತ್ತೆ ಹೊರಗಿನವನನ್ನೇ ಹಿಡಿದ್ರಲ್ಲ ನೀವು?'

ರೈಟರ್‌ಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. 'ಮೂವತ್ತೆಂಟು ವರ್ಷ ಆಯ್ತು ಟೀಚರೇ. ನಿಮ್ಮ ಪಂಪಿನ ವಾಷರ್ ಎಲ್ಲಿ ಸಿಗುತ್ತೆ ಅಂತ ನಿಮ್ಮ ಯಜಮಾನ್ರು ಕೇಳೋದು ನನ್ನನ್ನೇ. ಇನ್ನೂ ನಾನು ಹೊರಗಿನವನಾ?'

'ನಿಮ್ಮನ್ನಲ್ಲ ಮಾರಾಯ್ರೇ, ಕಥೆಯವನನ್ನ ಹೇಳ್ದೆ.'

'ಕಥೆಯವನೂ ಇಪ್ಪತ್ತೆಂಟು ವರ್ಷ ಆಗಿದೆ ಬಂದು. ಆರನೇ ಪುಟದಲ್ಲಿದೆ.'

ಟೀಚರ್ ಸುಲಭಕ್ಕೆ ಬಿಡುವವರಲ್ಲ. ಆರನೇ ಪುಟ ತೆಗೆಸಿ ಓದಿದರು. ಆಮೇಲೆ ಅವರು ಹೇಳಿದ್ದು ಕೆಲಸಕ್ಕೆ ಬಂತು. ಕಥೆಯವನು ಯಾಕೆ ಕದ್ದ ಅನ್ನುವುದಕ್ಕೆ ಕಾರಣವೇ ಇಲ್ಲ. ಅವನು ಎಲ್ಲಿಂದಲೋ ಬಂದವನು ಅನ್ನುವುದೇ ಕಾರಣದ ಜಾಗದಲ್ಲಿ ಕೂತಿದೆ. ಸಾಲ ಇತ್ತಾ, ಚೀಟಿ ಹಣ ಮುಳುಗಿತ್ತಾ, ಮಗಳ ನರ್ಸಿಂಗ್ ಫೀಸ್ ಬಾಕಿ ಇತ್ತಾ, ಅದನ್ನು ಹೇಳಿ. ಮತ್ತೆ ಆ ಮೆಣಸು ಕೊಂಡವನು ಯಾರು? ಕದ್ದದ್ದು ಅಂತ ಗೊತ್ತಿದ್ದೂ ಅರ್ಧ ರೇಟಿಗೆ ಕೊಂಡವನು ಊರಿನವನೇ ಅಲ್ವಾ? ಅವನಿಗೆ ಯಾಕೆ ಶಿಕ್ಷೆ ಇಲ್ಲ?

ರೈಟರ್ ಎರಡು ವಾರ ಅಂಗಡಿ ಕಡೆ ಬರಲಿಲ್ಲ. ಬಂದಾಗ ಹೊಸ ಹದಿನಾಲ್ಕು ಪುಟ ತಂದರು. ಚೀಟಿ ಮುಳುಗಿಸಿದವನೂ ಮೆಣಸು ಕೊಂಡವನೂ ಒಬ್ಬನೇ. ಅವನಿಗೆ ಪೇಟೆಯಲ್ಲಿ ಅಂಗಡಿ ಇದೆ, ದೇವಸ್ಥಾನದ ಸಮಿತಿಯಲ್ಲಿ ಸ್ಥಾನ ಇದೆ, ಮನೆ ಹೆಸರೂ ಇದೆ. ಆ ಹೆಸರನ್ನು ಕಥೆಯಲ್ಲಿ ಯಾರೂ ಉಚ್ಚರಿಸುವುದಿಲ್ಲ. ಮೀಟರ್ ರೀಡರ್ ಅವನ ಅಂಗಡಿಗೆ ಬಿಲ್ ಕೊಡುವಾಗ ಮೇಲಿನ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಿರುತ್ತಾನೆ. ಹಾಕಿ ಪಟ್ಟಿಯ ಆ ಪುಸ್ತಕದ ಕಾಟ ಇಲ್ಲಿಗೆ ತೀರಿತು.

ಸಾಹುಕಾರ್ರು ಕೈಬರಹ ಓದಿದರಂತೆ. ಪಂಪ್ ಮನೆಯ ಬೀಗದ ಬಗ್ಗೆ ಮಾತ್ರ ಕೇಳಿದರಂತೆ. ಮಾರನೇ ದಿನ ಬೀಗ ಬದಲಾಯಿತು.

ಕುಯ್ಲು ಮುಗಿದ ಮೇಲೆ 500 ಪ್ರತಿ ಹಾಕುವುದು ಅಂತ ಆಗಿದೆ. ಅಡ್ವಾನ್ಸ್ ಅರ್ಧ ಬಂದಿದೆ. ಪ್ರೂಫ್ ಟೀಚರ್ ನೋಡುತ್ತಿದ್ದಾರೆ. ಎರಡನೇ ಅಧ್ಯಾಯದಲ್ಲಿ ಐದು ಹೆಚ್‌ಪಿ ಇದ್ದ ಪಂಪ್ ಏಳನೆಯದಕ್ಕೆ ಬರುವಾಗ ಏಳೂವರೆ ಆಗಿದೆ ಅಂತ ನಿನ್ನೆ ಗುರುತು ಹಾಕಿ ಕಳಿಸಿದ್ದಾರೆ.